ಭದ್ರೆಯ ಬೆನ್ನು ಹಿಡಿದು ಕುದುರೆಮುಖಕ್ಕೆ

ಮನೆಗೆ ದಿನಪತ್ರಿಕೆ ಬಂದರೆ ಅಪ್ಪ ಮೊದಲು ನೋಡುವುದು ಜಲಾಶಯಗಳ ನೀರಿನ ಮಟ್ಟವನ್ನು. ಭದ್ರಾ: ಗರಿಷ್ಠ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು. ಉಳಿದ ಸುದ್ದಿಗೆಲ್ಲ ಆಮೇಲೆ ಸರದಿ. ಮಲೇಬೆನ್ನೂರಿನ ಆಚೆ, ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ನಮ್ಮದು ಮೂರು ಎಕರೆ ಗದ್ದೆ. ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದದ್ದು ನಮಗೆ ಬರಬೇಕು. ನಲವತ್ತು ವರ್ಷ ಆ ನೀರಿನ ದಾರಿ ಕಾಯುತ್ತ ಬದುಕಿದ ಅಪ್ಪ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಮೇಲಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಈ ಅಕ್ಟೋಬರಿನಲ್ಲಿ ರಜೆಗೆ ಊರಿಗೆ ಹೋದಾಗ, ಕುದುರೆಮುಖಕ್ಕೆ ಚಾರಣ ಹೋಗುತ್ತಿದ್ದೇನೆ ಎಂದೆ. ಅಪ್ಪ ಪತ್ರಿಕೆಯಿಂದ ತಲೆ ಎತ್ತಿ, "ಅದು ಭದ್ರೆ ಹುಟ್ಟುವ ಕಡೆ ಅಲ್ಲವೇನವ್ವಾ?" ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಬರಬಹುದಾ?" ಎಂದು ಕೇಳಿದರು. ಅವರಿಗೆ 62 ವರ್ಷ. ದಿನವೂ ಬದುವಿನ ಮೇಲೆ ನಡೆಯುವ ಕಾಲು. ಅರಣ್ಯ ವಿಹಾರ ಜಾಲತಾಣದಲ್ಲಿ ಅಂದು ರಾತ್ರಿಯೇ ಎರಡು ಅನುಮತಿ ಕಾಯ್ದಿರಿಸಿದೆ. ಶನಿವಾರ, ಭಾನುವಾರದ ಜಾಗಗಳು ಎಂದೋ ತುಂಬಿದ್ದವು, ಮಂಗಳವಾರ ಸುಲಭವಾಗಿ ಸಿಕ್ಕಿತು. ವಾರದ ನಡುವೆ ಹೋಗುವುದೇ ಒಳ್ಳೆಯದೆಂದು ಬೆಟ್ಟದ ಮೇಲೆ ಗೊತ್ತಾಯಿತು.

ಮೊದಲ ದಿನ: ನೀರಿಗೆ ಎದುರಾಗಿ

ಶಿವಮೊಗ್ಗದಿಂದ ಉಂಬ್ಳೇಬೈಲಿನ ಕಾಡು ದಾಟಿ ನರಸಿಂಹರಾಜಪುರ, ಅಲ್ಲಿಂದ ಬಾಳೆಹೊನ್ನೂರು, ಕಳಸ. ಬಸ್ ಬದಲಿಸುತ್ತ ಹೋಗುವ ದಾರಿ ಇದು, ವೇಗದ್ದಲ್ಲ. ಆದರೆ ನಮಗೆ ಬೇಕಾದದ್ದು ಇದೇ. ನರಸಿಂಹರಾಜಪುರದ ಬಳಿ ಭದ್ರೆಯ ಹಿನ್ನೀರು ಕಂಡಾಗ ಅಪ್ಪ ಕಿಟಕಿಯ ಸರಳು ಹಿಡಿದು ಅರ್ಧ ಎದ್ದು ನಿಂತರು. ಬಾಳೆಹೊನ್ನೂರಿನ ಸೇತುವೆಯ ಮೇಲೆ ಮತ್ತೆ ಭದ್ರೆ, ಅಗಲ ಕಡಿಮೆ, ಬಣ್ಣ ಕೆಂಪು. ಮುಂದೆ ಮಾಗುಂಡಿಯ ಕಡೆ ಕಾಫಿ ತೋಟಗಳ ಸಂದಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಣುಕುತ್ತ ಬಂತು. ಪ್ರತಿ ಸಲವೂ ಅಪ್ಪ, "ಸಣ್ಣದಾಯಿತು ನೋಡು" ಎನ್ನುತ್ತಿದ್ದರು. ಬೆಳೆದು ದೊಡ್ಡವನಾದ ಮಗನ ಬಾಲ್ಯದ ಫೋಟೋ ನೋಡುವವರ ದನಿ ಅದು.

ಕಳಸದಲ್ಲಿ ಇಳಿದಾಗ ಹನ್ನೆರಡೂವರೆ. ಮೆಟ್ಟಿಲು ಹತ್ತಿ ಕಳಸೇಶ್ವರನಿಗೆ ಕೈ ಮುಗಿದು, ಕೆಳಗಿನ ಹೋಟೆಲಿನಲ್ಲಿ ನೀರುದೋಸೆ ತಿಂದೆವು. ತೆಳ್ಳಗಿನ ಮೆತ್ತನೆ ದೋಸೆ, ಕಾಯಿಚಟ್ನಿ, ಬೇಕೆಂದವರಿಗೆ ಬೆಲ್ಲ ಬೆರೆಸಿದ ಕಾಯಿತುರಿ. ನಮ್ಮ ಕಡೆಯ ಬೆಣ್ಣೆದೋಸೆಯ ಗರಿಗರಿ ಇದಕ್ಕಿಲ್ಲ, ಆದರೆ ಎಂಟು ತಿಂದರೂ ಹೊಟ್ಟೆ ಭಾರವಾಗುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಊರು ವಿಚಾರಿಸಿದರು. ಅಪ್ಪ ಹೇಳಿದರು. "ಹಾಗಾದರೆ ನಾವು ಮಿಂದು ಬಿಟ್ಟ ನೀರನ್ನು ನೀವು ಗದ್ದೆಗೆ ಹಾಯಿಸುತ್ತೀರಿ" ಎಂದು ಅವರು ನಕ್ಕರು. ಅಪ್ಪನೂ ನಕ್ಕು, "ನೀವು ಬಿಟ್ಟರೆ ನಮಗೆ ಅನ್ನ, ಸ್ವಾಮಿ" ಎಂದರು. ಅಂಬಾತೀರ್ಥ ನೋಡದೆ ಹೋಗಬೇಡಿ ಎಂದು ಒತ್ತಾಯ ಮಾಡಿ ಆಟೋ ಮಾಡಿಸಿಕೊಟ್ಟವರೂ ಅವರೇ.

ಅಂಬಾತೀರ್ಥದಲ್ಲಿ ಭದ್ರೆ ಕಪ್ಪು ಬಂಡೆಗಳ ನಡುವೆ ಕಿರಿದಾಗಿ ನುಗ್ಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿರಿಸಿದರೆಂದು ಶಾಸನ ಹೇಳುವ ಬೃಹತ್ ಬಂಡೆ ಇರುವುದು ಇಲ್ಲಿಯೇ. ನೀರು ಕೊರೆದ ಬಂಡೆಗಳು ಒಳಗೆ ಬಟ್ಟಲಿನಂತೆ ನುಣುಪಾಗಿವೆ. ಮಳೆ ನಿಂತು ಹೆಚ್ಚು ದಿನ ಆಗಿರಲಿಲ್ಲ, ಸೆಳೆತ ಜೋರಾಗಿತ್ತು. ಇಳಿಯುವ ಮಾತೇ ಇಲ್ಲ. ದಡದ ಒಂದು ಗುಳಿಯಲ್ಲಿ ನಿಂತ ನೀರನ್ನು ಅಪ್ಪ ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಮಾತಾಡಲಿಲ್ಲ.

ಸಂಸೆ ದಾಟಿ ಬಾಳೆಗಲ್‌ನಲ್ಲಿ ಜೀಪು ಹತ್ತಿದಾಗ ನಾಲ್ಕು ಗಂಟೆ. ಅಲ್ಲಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಐದಾರು ಕಿಲೋಮೀಟರ್, ಕಲ್ಲು ಮತ್ತು ಕೆಸರಿನ ಏರು. ಸ್ವಂತ ಕಾರು ತಂದವರೂ ಅದನ್ನು ಕೆಳಗೇ ಬಿಟ್ಟು ಬರಬೇಕು. ಮೂರನೇ ತಿರುವಿನಲ್ಲಿ ಹಿಂದಿನ ಚಕ್ರ ಹೂತು ಸುತ್ತತೊಡಗಿತು. ಎಲ್ಲರೂ ಇಳಿದೆವು. ಚಾಲಕ ಮತ್ತೆ ಮತ್ತೆ ಆಕ್ಸಿಲರೇಟರ್ ಒತ್ತುತ್ತಿದ್ದ. ಅಪ್ಪ ಪಂಚೆ ಮೇಲಕ್ಕೆ ಕಟ್ಟಿ, "ನಿಲ್ಲಿಸು ತಮ್ಮಾ, ಒತ್ತಿದಷ್ಟೂ ಹೂಳುತ್ತದೆ" ಎಂದು, ಚಪ್ಪಟೆ ಕಲ್ಲುಗಳನ್ನು ಆರಿಸಿ ಚಕ್ರದ ಮುಂದೆ ಓರೆಯಾಗಿ ಜೋಡಿಸಿದರು. ಕೆಸರುಗದ್ದೆಯಲ್ಲಿ ಸಿಕ್ಕ ಟ್ರ್ಯಾಕ್ಟರ್‌ಗಳನ್ನು ಎತ್ತಿದ ಅನುಭವ. ಎರಡೇ ಯತ್ನಕ್ಕೆ ಜೀಪು ಮೇಲೆ ಬಂತು. ಚಾಲಕ ಆಮೇಲೆ ದಾರಿಯುದ್ದಕ್ಕೂ ಅವರನ್ನು "ಯಜಮಾನರೇ" ಎಂದೇ ಕರೆದ.

ನಾವು ಉಳಿದುಕೊಂಡದ್ದು ಗದ್ದೆ, ಅಡಿಕೆ ಮತ್ತು ಬೆಟ್ಟದ ನಡುವಿನ ಹಂಚಿನ ಮನೆ. ಅಂಗಳದ ಅಂಚಿನ ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ ಮೊಬೈಲ್‌ಗೆ ಸಿಗ್ನಲ್. ರಾತ್ರಿ ಊಟಕ್ಕೆ ಬಿಸಿ ಕಡುಬು, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಕಡುಬಿನ ಮೇಲೆ ತುಪ್ಪ ಸುರಿದ ಮನೆಯ ಅಮ್ಮ, ನಾಳೆ ನಡೆಯುವವರು ಎಂದು ಬೇಡವೆಂದರೂ ಇನ್ನೊಂದು ಬಡಿಸಿದರು. ನನ್ನ ಗಮನವೆಲ್ಲ ತಲೆಯ ಮೇಲಿನ ಬಲ್ಬಿನ ಮೇಲಿತ್ತು. ಅದರ ಬೆಳಕು ಉಸಿರಾಡುವಂತೆ ಒಂದಿಷ್ಟು ಏರುತ್ತ ಇಳಿಯುತ್ತ ಇತ್ತು. ಮನೆಯ ಹಿಂದಿನ ತೊರೆಗೆ ಪೈಪು ಹಾಕಿ, ಆ ನೀರಿನ ರಭಸಕ್ಕೆ ತಿರುಗುವ ಪುಟ್ಟ ಯಂತ್ರದಿಂದ ಬಂದ ವಿದ್ಯುತ್ತು ಅದು. ಟಾರ್ಚು ಹಿಡಿದು ನೋಡಲು ಹೋದೆವು. ಮಿಕ್ಸಿಯಷ್ಟು ದೊಡ್ಡ ಯಂತ್ರ, ಅದರ ಬಾಯಿಂದ ನೀರು ಚಿಮ್ಮುತ್ತಿತ್ತು.

"ವರ್ಷವಿಡೀ ಉರಿಯುತ್ತದಾ?" ಎಂದು ಅಪ್ಪ ಕೇಳಿದರು.

"ಮಾರ್ಚ್ ತನಕ ಚಿಂತೆಯಿಲ್ಲ. ಆಮೇಲೆ ಮಂಕಾಗುತ್ತದೆ. ಪೂರ್ತಿ ಆರಿದ್ದು ಕಡಿಮೆ" ಎಂದರು ಮನೆಯವರು.

"ಮಳೆ ಅಕ್ಟೋಬರಿಗೆ ಮುಗಿಯುತ್ತದಲ್ಲಾ. ಮಾರ್ಚ್ ತನಕ ನೀರು ಎಲ್ಲಿಂದ?"

"ನಾಳೆ ಮೇಲೆ ಹೋಗುತ್ತೀರಲ್ಲ, ನೋಡಿ" ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಎರಡನೇ ದಿನ: ಹುಲ್ಲಿನ ಬೆಟ್ಟ

ಆರೂವರೆಗೆ ಹೊರಟೆವು. ಹೋಗಿಬರಲು ಸುಮಾರು 20 ಕಿಲೋಮೀಟರ್, ಕತ್ತಲಿಗೆ ಮುಂಚೆ ಕೆಳಗಿರಲೇಬೇಕು. ಮೇಲೆ ಡೇರೆ ಹಾಕಿ ಉಳಿಯಲು ಅವಕಾಶವಿಲ್ಲ. ಅರಣ್ಯ ಇಲಾಖೆಯವರು ಗುರುತಿನ ಚೀಟಿ ನೋಡಿ, ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಹುಡುಕಿದರು. ಅಪ್ಪನ ಬಟ್ಟೆ ಚೀಲದಲ್ಲಿ ಇದ್ದದ್ದು ಒಗ್ಗರಣೆ ಮಂಡಕ್ಕಿ, ನಾಲ್ಕು ಬಾಳೆಹಣ್ಣು, ಸ್ಟೀಲಿನ ತಂಬಿಗೆ. ತಪಾಸಣೆ ಮಾಡಿದವರು ಅದನ್ನು ಹಿಂದಿನ ತಂಡದ ಹುಡುಗರಿಗೆ ಎತ್ತಿ ತೋರಿಸಿದರು.

ಮಾರ್ಗದರ್ಶಕ ಇಲ್ಲಿಯವನೇ, ಇಪ್ಪತ್ತೈದರ ಆಸುಪಾಸಿನ ಹುಡುಗ. ಹೊರಡುವ ಮುಂಚೆ ನಮ್ಮ ಕಾಲಿಗೆಲ್ಲ ಸುಣ್ಣ ಮತ್ತು ಹೊಗೆಸೊಪ್ಪು ಕಲಸಿದ ನೀರು ಸವರಿದ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಇದೇ ಮದ್ದು. ಆದರೂ ಮೊದಲ ಕಾಡಿನಲ್ಲೇ ನನ್ನ ಹಿಮ್ಮಡಿಗೆ ಎರಡು ಕಚ್ಚಿದ್ದವು. ಕಿತ್ತು ಎಳೆಯಬಾರದು, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ಒಂದು ಚಿಟಿಕೆ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ಬಗ್ಗುತ್ತಲೇ ಮುಟ್ಟಿಸಬಹುದು ಎಂಬುದು ಆ ಹುಡುಗನಿಂದ ಕಲಿತದ್ದು.

ಮೊದಲ ಒಂದು ಗಂಟೆ ಕಾಡು, ತೊರೆ, ಮತ್ತೆ ಕಾಡು. ಎಲ್ಲಿಂದಲೋ ಒಂದು ಹಕ್ಕಿ, ಶಾಲೆ ಬಿಟ್ಟ ಹುಡುಗ ಸಿಳ್ಳೆ ಹಾಕುತ್ತ ಮನೆಗೆ ಹೋಗುವಂತೆ, ರಾಗ ಮುಗಿಸದೆ ಸಿಳ್ಳೆ ಹಾಕುತ್ತಿತ್ತು. ಮೂರನೇ ತೊರೆ ದಾಟುವಾಗ ಅಪ್ಪನ ಹೊಸ ಕ್ಯಾನ್ವಾಸ್ ಶೂವಿನ ತಳ ಬಾಯಿ ಬಿಟ್ಟಿತು. ಪೇಟೆಯಲ್ಲಿ ಅವರೇ ಚೌಕಾಸಿ ಮಾಡಿ ಕೊಂಡಿದ್ದರು. ಒದ್ದೆಯಾದ ಅಂಟು ಬಿಟ್ಟು, ಬೆರಳಿನಿಂದ ನಡು ಅಂಗಾಲಿನ ತನಕ ತಳ ಜೋತು ಬಿತ್ತು. ನನಗೆ ಎದೆ ಧಸಕ್ಕೆಂದಿತು. ಇನ್ನೂ ಏಳೆಂಟು ಕಿಲೋಮೀಟರ್ ಏರು ಇತ್ತು. ಹುಡುಗ ಗಾಬರಿಯಾಗಲಿಲ್ಲ. ತನ್ನ ಚೀಲದಿಂದ ತೆಂಗಿನ ನಾರಿನ ಹುರಿ ತೆಗೆದು, ಅಪ್ಪನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಬುಡದಲ್ಲಿ ಎರಡು ಸುತ್ತು, ಹಿಮ್ಮಡಿಗೆ ಒಂದು ಸುತ್ತು ತಂದು, ಗಂಟನ್ನು ಪಾದದ ಮೇಲ್ಭಾಗಕ್ಕೆ ಬರುವಂತೆ ಬಿಗಿದ. ಕೆಳಗೆ ಗಂಟು ಬಂದರೆ ಒತ್ತುತ್ತದಂತೆ. "ಬಿಡಪ್ಪಾ, ಕಾಲು ಹಿಡಿಯಬಾರದು" ಎಂದು ಅಪ್ಪ ಸಂಕೋಚಪಟ್ಟರು. "ನಮ್ಮ ಅಪ್ಪನಿಗೂ ಹೀಗೇ ಕಟ್ಟುತ್ತೇನೆ, ಯಜಮಾನರೇ" ಎಂದ. ನಾರಿನ ಹುರಿ ಒದ್ದೆ ಬಂಡೆಯ ಮೇಲೆ ಜಾರುವುದಿಲ್ಲ. ಇಳಿಯುವಾಗ ನಾವೆಲ್ಲ ಜಾರಿದೆವು, ಅಪ್ಪ ಜಾರಲಿಲ್ಲ.

ಒಂಟಿಮರ ಎಂದು ಕರೆಯುವ ಜಾಗದಲ್ಲಿ, ಹೆಸರಿಗೆ ತಕ್ಕಂತೆ ಒಂದೇ ಮರ, ನೋಟ ಸುತ್ತಲೂ ತೆರೆದುಕೊಳ್ಳುತ್ತದೆ. ಎದುರಿಗೆ ಕುದುರೆಯ ಮುಖ: ನೆಟ್ಟಗಿನ ಹಣೆ, ಇಳಿಜಾರಿನ ಮೂಗು. ಎತ್ತರ 1,894 ಮೀಟರ್. ಹಿಂದೆ ಇದಕ್ಕೆ ಸಂಸೆಯ ಹೆಸರಿನಿಂದ ಸಂಸೆ ಪರ್ವತ ಎನ್ನುತ್ತಿದ್ದರು. ಅಲ್ಲಿಂದ ಮೇಲೆ ಕಾಡಿಲ್ಲ, ಬರೀ ಹುಲ್ಲು. ಬೆಟ್ಟದ ಬೆನ್ನೆಲ್ಲ ಹುಲ್ಲು, ಬೆನ್ನುಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಒತ್ತಾದ ಕಡುಹಸಿರು ಕಾಡು. ಅದನ್ನೇ ಶೋಲಾ ಎನ್ನುವುದು. ಸಿಂಗಳೀಕಗಳು ಬದುಕುವುದು ಈ ರಾಷ್ಟ್ರೀಯ ಉದ್ಯಾನದ ದಟ್ಟ ಕಾಡುಗಳಲ್ಲಿ. ನಮಗೆ ಕಾಣಲಿಲ್ಲ, ದೂರದಿಂದ ಕೂಗು ಮಾತ್ರ ಕೇಳಿಸಿತು.

ಗಾಳಿ ಬೀಸಿದರೆ ಹುಲ್ಲು ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ಅಪ್ಪ ನಿಂತು ನೋಡಿದರು. "ತೆನೆ ಬಂದ ಭತ್ತದ ಹಾಗೆಯೇ ಇದೆ" ಎಂದು, ಬೇರು ನೋಡುವ ಅಭ್ಯಾಸಬಲದಿಂದ ಒಂದು ಬುಡ ಕೀಳಲು ಬಗ್ಗಿದರು. ಹುಡುಗ ಕೈ ತಡೆದ. "ಇಲ್ಲಿ ಒಂದು ಕಡ್ಡಿಯನ್ನೂ ಕೀಳುವ ಹಾಗಿಲ್ಲ. ಅಂಗೈ ಊರಿ ಒತ್ತಿ ನೋಡಿ, ಸಾಕು." ಅಪ್ಪ ಮಂಡಿಯೂರಿ ಕೂತು ಹುಲ್ಲಿನ ಬುಡಕ್ಕೆ ಅಂಗೈ ಒತ್ತಿದರು. ಬೆರಳ ಸಂದಿಗಳಲ್ಲಿ ನೀರು ಜಿನುಗಿತು. ಕೈ ಎತ್ತಿದರೆ ನೀರು ಮತ್ತೆ ಒಳಕ್ಕೆ. ಆ ಇಳಿಜಾರಿನಲ್ಲಿ ಮೂರು ದಿನದಿಂದ ಮಳೆ ಬಿದ್ದಿರಲಿಲ್ಲ.

ಹುಡುಗ ಹೇಳಿದ್ದು ಇಷ್ಟು. ಕುದುರೆಮುಖದ ಸುತ್ತ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹುಲ್ಲಿನ ಬೇರು, ಕೆಳಗಿನ ಕರಿಮಣ್ಣು, ಶೋಲಾದ ತರಗೆಲೆ ಸೇರಿ ಅದನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ಸೋಸಿ ಬಿಡುತ್ತವೆ. ಪ್ರತಿ ಶೋಲಾದ ಬುಡದಲ್ಲೂ ಒಂದು ತೊರೆ ಹುಟ್ಟುವುದು ಅದಕ್ಕೇ. ಪೂರ್ವಕ್ಕೆ ಹರಿದದ್ದು ಭದ್ರೆ ಸೇರುತ್ತದೆ. ನಮ್ಮ ಎದುರಿಗೇ ಅಂಥ ಒಂದು ತೊರೆ, ಎರಡು ಗೇಣು ಅಗಲ, ಹುಲ್ಲಿನ ಅಡಿಯಿಂದ ಸದ್ದಿಲ್ಲದೆ ಹೊರಬರುತ್ತಿತ್ತು. ಅಪ್ಪ ಅದರಲ್ಲಿ ತಂಬಿಗೆ ತುಂಬಿಕೊಂಡು, ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು, "ಪೇಪರಿನಲ್ಲಿ ಒಳಹರಿವು ಎಂದು ಹಾಕುತ್ತಾರಲ್ಲವ್ವಾ, ಅದು ಇದೇನಾ?" ಎಂದರು. ನಾನು ಜಲಪಾತ ನೋಡಲೆಂದೇ ಈ ಕಡೆ ನಾಲ್ಕು ಸಲ ಬಂದಿದ್ದೆ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕೊನೆಯ ಏರು ಕಷ್ಟದ್ದು. ತುದಿಗೆ ಸ್ವಲ್ಪ ಕೆಳಗೆ ಮರಗಳ ಗುಂಪಿನಲ್ಲಿ ಹಳೆಯ ಚರ್ಚೊಂದರ ಕಲ್ಲಿನ ಗೋಡೆಗಳು ಪಾಚಿ ಹಿಡಿದು ನಿಂತಿವೆ. ಸೂರಿಲ್ಲ. ಹತ್ತಿರದಲ್ಲೇ ನೀರು ಸಿಗುತ್ತದೆ, ಇಲ್ಲಿ ತುಂಬಿಸಿಕೊಳ್ಳಬೇಕು. ತುದಿ ತಲುಪಿದಾಗ ಹನ್ನೊಂದೂಕಾಲು. ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕತ್ತರಿಸಿ ಬಿದ್ದಂತೆ ಕೆಳಗಿಳಿಯುತ್ತದೆ. ಹತ್ತು ನಿಮಿಷ ದಕ್ಷಿಣ ಕನ್ನಡದ ಹಸಿರು ಬಯಲು ಕಂಡಿತು. ಆಮೇಲೆ ಕಣಿವೆಯಿಂದ ಮಂಜು ಎದ್ದು ಬಂದು ಐದು ಮಾರು ದೂರದ ಮನುಷ್ಯ ಕಾಣದಂತಾಯಿತು. ಹೀಗೆ ಮಂಜು ಕವಿದಾಗ ಅಂಚಿನ ಕಡೆ ಒಂದು ಹೆಜ್ಜೆಯನ್ನೂ ಇಡಬಾರದು, ಕುಳಿತುಬಿಡಬೇಕು. ಕುಳಿತೆವು. ಮಂಡಕ್ಕಿ ತಿಂದೆವು. ಪಡುವಣಕ್ಕೆ ಬಿದ್ದ ಹನಿ ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ, ಮೂಡಣಕ್ಕೆ ಬಿದ್ದದ್ದು ಭದ್ರೆ, ತುಂಗಭದ್ರೆ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ. ಅದನ್ನು ಹೇಳಿದಾಗ ಅಪ್ಪ ಪೂರ್ವದ ಕಡೆಗೆ ಒಂದಿಷ್ಟು ಸರಿದು ಕುಳಿತರು.

ಇಳಿಯುವಾಗ ಎರಡು ಗಂಟೆಗೆ ಮಳೆ ಹಿಡಿಯಿತು. ಅಕ್ಟೋಬರಿನಲ್ಲಿ ಬೆಳಿಗ್ಗೆ ಎಷ್ಟೇ ತಿಳಿಯಾಗಿರಲಿ, ಮಧ್ಯಾಹ್ನದ ಮಳೆಗೆ ಅಂಗಿ ಇಟ್ಟುಕೊಂಡಿರಬೇಕು. ನಾಲ್ಕೂವರೆಗೆ ಮುಳ್ಳೋಡಿ. ಸ್ನಾನಕ್ಕೆ ಹಂಡೆಯ ಬಿಸಿನೀರು, ಆಮೇಲೆ ಬೆಲ್ಲದ ಕಾಫಿ, ಅಕ್ಕಿರೊಟ್ಟಿ. ಏಳಕ್ಕೆಲ್ಲ ಅಪ್ಪನಿಗೆ ನಿದ್ದೆ.

ಮೂರನೇ ದಿನ: ಅಬ್ಬಿಗಳ ದಾರಿ

ಬೆಳಿಗ್ಗೆ ಬೇಗ ಎದ್ದು ಸೋಮಾವತಿ ಜಲಪಾತಕ್ಕೆ ನಡೆದೆವು. ಊರಿಗೆ ಹತ್ತಿರ, ದಾರಿ ಸಲೀಸು. ದೊಡ್ಡ ಎತ್ತರದ್ದಲ್ಲ, ಕಾಡಿನ ನೆರಳಿನಲ್ಲಿ ಬಂಡೆಯ ಮೇಲಿಂದ ಅಗಲವಾಗಿ ಇಳಿಯುವ ನೀರು. ನಿನ್ನೆ ಮಧ್ಯಾಹ್ನ ಅಷ್ಟು ಮಳೆ ಸುರಿದಿದ್ದರೂ ನೀರು ಕೆಂಪಾಗಿರಲಿಲ್ಲ, ತಳದ ಹರಳು ಎಣಿಸುವಂತಿತ್ತು. ಅಪ್ಪ ಗಮನಿಸಿದ್ದು ಅದನ್ನೇ. "ಮೇಲೆ ಮಣ್ಣು ಕದಲಿಲ್ಲ" ಎಂದರು.

ಕುದುರೆಮುಖ ಪೇಟೆಯ ಕಡೆಗೆ ಜೀಪಿನಲ್ಲಿ ಹೊರಟಾಗ ಆ ಮಾತು ಮತ್ತೆ ನೆನಪಾಯಿತು. ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಕಂಪನಿಯ ಊರು ಇದು. ಅರೆದ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು. ಈ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ ಗಣಿ ನಡೆಯುತ್ತಿತ್ತು. ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿದೆ ಎಂದು ಹೋರಾಟಗಾರರು ವರ್ಷಗಟ್ಟಲೆ ದನಿ ಎತ್ತಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಸಾಲುಸಾಲು ವಸತಿಗೃಹಗಳ ಗೋಡೆಗಳಲ್ಲಿ ಪಾಚಿ, ಕಿಟಕಿಗಳಲ್ಲಿ ಬಳ್ಳಿ.

ಜೀಪಿನ ಚಾಲಕ ವೇಗ ತಗ್ಗಿಸಿ, "ನಮ್ಮ ದೊಡ್ಡಪ್ಪ ಇಲ್ಲೇ ಕೆಲಸ ಮಾಡಿದ್ದು. ಶಾಲೆ, ಆಸ್ಪತ್ರೆ ಎಲ್ಲ ಇತ್ತು. ಮುಚ್ಚಿದ ಮೇಲೆ ಊರೇ ಖಾಲಿಯಾಯಿತು" ಎಂದ. ಅವನ ದನಿಯಲ್ಲಿ ನೋವಿತ್ತು, ಅದು ನಿಜವಾದ ನೋವು. ಅಪ್ಪ ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಕೆಲಸ ಹೋದದ್ದು ಕಷ್ಟವೇ ತಮ್ಮಾ. ಆದರೆ ಅಣೆಕಟ್ಟಿನಲ್ಲಿ ಒಂದು ಅಡಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆ ಭಾಗದ ಗದ್ದೆ. ನಮ್ಮದು." ಇಬ್ಬರೂ ಆಮೇಲೆ ಆ ಮಾತು ಮುಂದುವರಿಸಲಿಲ್ಲ. ಇಬ್ಬರೂ ಸಿಟ್ಟಾಗಲೂ ಇಲ್ಲ. ನನ್ನ ಮನಸ್ಸು ಅಪ್ಪನ ಕಡೆಗೇ ಇತ್ತು. ಒಮ್ಮೆ ಬಗೆದ ಬೆಟ್ಟಕ್ಕೆ ಆ ಹುಲ್ಲನ್ನು, ಆ ಕರಿಮಣ್ಣನ್ನು ಯಾರೂ ಮರಳಿ ತೊಡಿಸಲಾರರು.

ಉದ್ಯಾನದೊಳಗಿನ ರಸ್ತೆಯಲ್ಲಿ ತಪಾಸಣಾ ಕೇಂದ್ರದವರು ಸಮಯ ಬರೆದ ಚೀಟಿ ಕೊಡುತ್ತಾರೆ. ನಿಗದಿತ ಅವಧಿಯೊಳಗೆ ಆಚೆ ಬದಿ ತಲುಪಬೇಕು, ಕಂಡಕಂಡಲ್ಲಿ ನಿಲ್ಲಿಸುವಂತಿಲ್ಲ. ರಸ್ತೆಯ ಪಕ್ಕದಲ್ಲೇ ಧುಮುಕುವ ಕದಂಬಿ ಜಲಪಾತವನ್ನು ಕಣ್ಣು ತುಂಬಿಸಿಕೊಂಡದ್ದು ಹಾಗಾಗಿ ಸ್ವಲ್ಪ ಹೊತ್ತು ಮಾತ್ರ. ಗಂಗಾಮೂಲ ಈ ಬೆಟ್ಟಗಳೊಳಗೇ ಇದೆ. ತುಂಗೆ, ಭದ್ರೆ, ನೇತ್ರಾವತಿ ಮೂವರಿಗೂ ತವರೆನ್ನುವ ಜಾಗ. ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಚಾಲಕ ಗುಡ್ಡದ ಕಡೆ ಕೈ ತೋರಿಸಿದ. ಅಪ್ಪ ಕುಳಿತಲ್ಲಿಂದಲೇ ಕೈ ಮುಗಿದರು. ಇನ್ನೊಮ್ಮೆ ಬರೋಣವೇ ಎಂದರೆ, "ನಿನ್ನೆ ನೋಡಿದೆನಲ್ಲ, ಸಾಕು" ಎಂದರು.

ಹನುಮನಗುಂಡಿಯಲ್ಲಿ ಟಿಕೆಟ್ ತೆಗೆದುಕೊಂಡು ಮೆಟ್ಟಿಲಿಳಿಯಬೇಕು. ಇಳಿಯುವಾಗ ಏನೂ ಅನ್ನಿಸುವುದಿಲ್ಲ, ನಿನ್ನೆ ಬೆಟ್ಟ ಹತ್ತಿದ ತೊಡೆಗಳಿಗೆ ಮರಳಿ ಹತ್ತುವಾಗ ಗೊತ್ತಾಗುತ್ತದೆ. ಸೂತನಬ್ಬಿ ಎಂಬುದೂ ಇದರ ಹೆಸರು. ಮಲೆನಾಡಿನವರಿಗೆ ಜಲಪಾತ ಅಬ್ಬಿ, ಘಟ್ಟದ ಕೆಳಗಿನ ತುಳುವರಿಗೆ ಅರ್ಬಿ. ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಒಂದೇ ಸದ್ದಿನ ಎರಡು ಹೆಸರು. ನೂರು ಅಡಿಯಷ್ಟು ಎತ್ತರದಿಂದ ಬಂಡೆಯ ಹಂತಗಳಲ್ಲಿ ಒಡೆದು ಬೀಳುವ ನೀರಿನ ತುಂತುರು ಕಟ್ಟೆಯ ತನಕ ಬರುತ್ತಿತ್ತು. ಎಲ್ಲರೂ ಕೆಳಗಿನ ಗುಂಡಿಯ ಫೋಟೋ ತೆಗೆಯುತ್ತಿದ್ದರು. ಅಪ್ಪ ಮಾತ್ರ ಕತ್ತೆತ್ತಿ, ನೀರು ಶುರುವಾಗುವ ಅಂಚಿನ ಮೇಲೆ ಏನಿದೆ ಎಂದು ನೋಡುತ್ತಿದ್ದರು. ಕಾಡಿತ್ತು.

ಕೆರೆಕಟ್ಟೆಯ ಮೇಲೆ ಶೃಂಗೇರಿ. ತುಂಗೆಯ ದಡದಲ್ಲಿ ಮೀನುಗಳಿಗೆ ಉಳಿದ ಮಂಡಕ್ಕಿ ಹಾಕಿ, ಮಠದಲ್ಲಿ ಊಟ ಮಾಡಿ ಶಿವಮೊಗ್ಗದ ಬಸ್ ಹತ್ತಿದೆವು. ಹುರಿ ಕಟ್ಟಿದ ಶೂ ಇನ್ನೂ ಅಪ್ಪನ ಕಾಲಿನಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ನಾನು ಬೆಂಗಳೂರಿಗೆ ಹೊರಡುವಾಗ ಅಪ್ಪ ಪತ್ರಿಕೆ ಹರಡಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಅವರ ಹಳೆಯ ಡೈರಿ. ನಾಲೆಗೆ ನೀರು ಬಿಡುವ ಕಚೇರಿಯ ನಂಬರು ಇರುವ ಪುಟದಲ್ಲೇ, ಅದರ ಕೆಳಗೆ, ಮುಳ್ಳೋಡಿಯ ಮನೆಯವರ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದರು. "ಮಾರ್ಚ್ ಬರಲಿ, ಸಂಜೆ ಹೊತ್ತು ಫೋನ್ ಮಾಡುತ್ತೇನೆ. ಅವರು ಅಂಗಳದ ಕಲ್ಲಿನ ಹತ್ತಿರ ಇದ್ದರೆ ಸಿಗುತ್ತಾರೆ. ದೀಪ ಉರಿಯುತ್ತಿದೆಯಾ ಎಂದು ಕೇಳಬೇಕು."